ಕಡ್ಡಿಯ ಕೆಳತುದಿ: ಗರಿಷ್ಠ–ಕನಿಷ್ಠ ಉಷ್ಣಮಾಪಕದೊಂದಿಗೆ ಎರಡು ಬೇಸಿಗೆ

ರಾಯಚೂರು ಸೀಮೆಯಲ್ಲಿ ಬೇಸಿಗೆಯ ಮಾತು ಶುರುವಾದರೆ ಪ್ರತಿಯೊಬ್ಬರ ಬಳಿಯೂ ಒಂದೊಂದು ಅಂಕಿ ಇರುತ್ತದೆ. ಮೊಬೈಲ್ ಒಂದು ಹೇಳುತ್ತದೆ, ಮರುದಿನದ ಪತ್ರಿಕೆ ಇನ್ನೊಂದು ಹೇಳುತ್ತದೆ, ಬಸ್ ನಿಲ್ದಾಣದ ಚಹಾದಂಗಡಿಗೆ ಬರುವಷ್ಟರಲ್ಲಿ ಅದಕ್ಕೆ ಇನ್ನೂ ನಾಲ್ಕು ಡಿಗ್ರಿ ಸೇರಿಕೊಂಡಿರುತ್ತದೆ. ನಮ್ಮ ಊರಿನ ಬಿಸಿಲು ನಿಜವಾಗಿ ಎಷ್ಟು ಎಂಬುದನ್ನು ನಾನೇ ಅಳೆದು ತಿಳಿಯಬೇಕೆಂಬ ಹಟದಿಂದ ಎರಡು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ 850 ರೂಪಾಯಿ ಕೊಟ್ಟು ಪಾದರಸದ ಗರಿಷ್ಠ–ಕನಿಷ್ಠ ಉಷ್ಣಮಾಪಕವೊಂದನ್ನು ತರಿಸಿದೆ. ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಪಠ್ಯದಲ್ಲಿ ಇದರ ಚಿತ್ರವನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದರೂ ದಿನವೂ ಓದಿ ದಾಖಲಿಸಿದ್ದು ಇದೇ ಮೊದಲು. ಎರಡು ಬೇಸಿಗೆ, ಎರಡು ಮಳೆಗಾಲ, ಎರಡು ಚಳಿಗಾಲ ಕಳೆದ ಮೇಲೆ ಈ ಉಪಕರಣದ ಗುಣದೋಷಗಳ ಬಗ್ಗೆ ಭರವಸೆಯಿಂದ ಬರೆಯಬಲ್ಲೆ. ಮೊದಲೇ ಹೇಳಿಬಿಡುತ್ತೇನೆ: ಇದು ಕೊಳ್ಳಲು ಯೋಗ್ಯವಾದ ವಸ್ತು, ಆದರೆ ಇದನ್ನು ಎಲ್ಲಿ ತೂಗುಹಾಕುತ್ತೀರಿ ಮತ್ತು ಯಾವ ತುದಿಯನ್ನು ಓದುತ್ತೀರಿ ಎಂಬ ಎರಡು ವಿಷಯಗಳಲ್ಲಿ ತಪ್ಪಿದರೆ ಕೊಟ್ಟ ಹಣವೂ ಪಟ್ಟ ಶ್ರಮವೂ ವ್ಯರ್ಥ.

ಇದನ್ನು ಸಿಕ್ಸ್ ಉಷ್ಣಮಾಪಕ ಎಂದೂ ಕರೆಯುತ್ತಾರೆ. ಸಿಕ್ಸ್ ಎಂದರೆ ಆರು ಎಂದೇ ತಿಳಿದು, ಉಳಿದ ಐದು ಎಲ್ಲಿವೆ ಎಂದು ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಅದು ಇಂಗ್ಲೆಂಡಿನ ಕ್ಯಾಂಟರ್ಬರಿಯ ಜೇಮ್ಸ್ ಸಿಕ್ಸ್ ಎಂಬವರ ಹೆಸರು. ಅವರು 1780ರಲ್ಲಿ ರೂಪಿಸಿದ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ. ‘ಯು’ ಆಕಾರದಲ್ಲಿ ಬಾಗಿದ ಗಾಜಿನ ನಳಿಗೆಯ ತಳಭಾಗದಲ್ಲಿ ಪಾದರಸವಿದೆ. ಎಡಗಡೆಯ ಬುರುಡೆಯ ತುಂಬ ಆಲ್ಕೋಹಾಲ್ ಇದೆ. ನಿಜವಾಗಿ ಉಷ್ಣವನ್ನು ಅಳೆಯುವುದು ಈ ಆಲ್ಕೋಹಾಲೇ ಹೊರತು ಪಾದರಸವಲ್ಲ. ಬಿಸಿಲೇರಿದಾಗ ಆಲ್ಕೋಹಾಲ್ ಹಿಗ್ಗಿ ಪಾದರಸವನ್ನು ಎಡಗಡೆ ಕೆಳಕ್ಕೆ ತಳ್ಳಿ ಬಲಗಡೆ ಮೇಲೇರಿಸುತ್ತದೆ. ತಂಪಾದಾಗ ಅದು ಕುಗ್ಗಿ ಪಾದರಸ ಎಡಗಡೆ ಏರುತ್ತದೆ. ಎರಡೂ ಕಡೆ ಪಾದರಸದ ತಲೆಯ ಮೇಲೆ ಸೂಜಿಯಂಥ ಒಂದೊಂದು ಉಕ್ಕಿನ ಕಡ್ಡಿ ಕುಳಿತಿರುತ್ತದೆ. ಪಾದರಸ ಏರುವಾಗ ಕಡ್ಡಿಯನ್ನು ತನ್ನೊಂದಿಗೆ ಮೇಲೆ ಒಯ್ಯುತ್ತದೆ, ಇಳಿಯುವಾಗ ಅದನ್ನು ಅಲ್ಲೇ ಬಿಟ್ಟು ಇಳಿಯುತ್ತದೆ. ಹೀಗಾಗಿ ಮಧ್ಯಾಹ್ನ ಎರಡೂವರೆ, ಮೂರರ ಸುಡುಬಿಸಿಲಿನಲ್ಲಿ ನೀವು ಅದರ ಮುಂದೆ ನಿಂತಿರಬೇಕಾಗಿಲ್ಲ, ಸೂರ್ಯೋದಯಕ್ಕೆ ಮುಂಚಿನ ತಂಪಿನಲ್ಲಿ ಎದ್ದು ಬರಬೇಕಾಗಿಲ್ಲ. ಬಲಗಡೆಯ ಕಡ್ಡಿ ಗರಿಷ್ಠವನ್ನು, ಎಡಗಡೆಯದು ಕನಿಷ್ಠವನ್ನು ಹಿಡಿದಿಟ್ಟುಕೊಂಡು ಕಾಯುತ್ತಿರುತ್ತವೆ. ಓದಿ ಬರೆದುಕೊಂಡ ಮೇಲೆ ಜೊತೆಗೆ ಬರುವ ಪುಟ್ಟ ಅಯಸ್ಕಾಂತವನ್ನು ಗಾಜಿನ ಮೇಲೆ ಆನಿಸಿ ಮೆಲ್ಲಗೆ ಕೆಳಗೆಳೆದರೆ ಕಡ್ಡಿಗಳು ಮತ್ತೆ ಪಾದರಸದ ತಲೆಗೆ ಬಂದು ಕೂರುತ್ತವೆ. ವಿದ್ಯುತ್ ಬೇಡ, ಬ್ಯಾಟರಿ ಬೇಡ. ಇಷ್ಟು ಸರಳವಾದ, ಇಷ್ಟು ನಂಬಿಗಸ್ತವಾದ ನೆನಪಿನ ಶಕ್ತಿ ಇರುವ ಉಪಕರಣ ನನ್ನ ಪ್ರಯೋಗಶಾಲೆಯಲ್ಲಿ ಬೇರೊಂದಿಲ್ಲ.

ಆದರೆ ನನ್ನ ಕೈಗೆ ಬಂದ ಮೊದಲ ಉಪಕರಣ ಈ ಹೊಗಳಿಕೆಗೆ ಪಾತ್ರವಾಗುವ ಸ್ಥಿತಿಯಲ್ಲಿರಲಿಲ್ಲ. ಮಾರಾಟಗಾರರು ಅದನ್ನು ಅಡ್ಡಡ್ಡ ಮಲಗಿಸಿ, ಒಂದೇ ಪದರದ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳುಹಿಸಿದ್ದರು. ದಾರಿಯ ಕುಲುಕಾಟಕ್ಕೆ ಪಾದರಸ ನಾಲ್ಕು ತುಂಡಾಗಿತ್ತು, ನಡುನಡುವೆ ಆಲ್ಕೋಹಾಲ್ ನುಗ್ಗಿತ್ತು, ಒಂದು ಕಡ್ಡಿ ಪಾದರಸದೊಳಗೇ ಹೂತುಹೋಗಿತ್ತು. ಹೀಗೆ ಒಡೆದ ಪಾದರಸವನ್ನು ಕೂಡಿಸಲು ಒಂದು ಉಪಾಯವಿದೆ: ಉಪಕರಣವನ್ನು ನೆಟ್ಟಗೆ ಹಿಡಿದು, ಬುರುಡೆ ಮೇಲಿರುವಂತೆ ನೋಡಿಕೊಂಡು, ತಳಭಾಗವನ್ನು ಅಂಗೈಗೆ ಮೆತ್ತಗೆ ಮತ್ತೆಮತ್ತೆ ತಟ್ಟುವುದು. ಅರ್ಧ ಗಂಟೆ ತಟ್ಟಿದರೂ ಒಂದು ಗುಳ್ಳೆ ಉಳಿದೇ ಹೋಯಿತು. ಎಡ ಬಲ ಎರಡೂ ಕಡೆ ಪಾದರಸದ ತಲೆ ಒಂದೇ ಉಷ್ಣತೆಯನ್ನು ತೋರಿಸಬೇಕು. ನನ್ನದರಲ್ಲಿ ಎಡಗಡೆ 31, ಬಲಗಡೆ 34 ಇತ್ತು. ಮೂರು ಡಿಗ್ರಿಯ ವ್ಯತ್ಯಾಸವಿರುವ ಉಪಕರಣದಿಂದ ಬೇಸಿಗೆಯನ್ನು ಅಳೆಯಲಾಗದು. ಚಿತ್ರಸಹಿತ ದೂರು ಕೊಟ್ಟ ಮೇಲೆ ಹನ್ನೆರಡು ದಿನಕ್ಕೆ ಬೇರೆಯದು ಬಂತು. ಬದಲಿ ಕೊಟ್ಟಿದ್ದಕ್ಕೆ ಅವರಿಗೆ ವಂದನೆ. ಆದರೆ ಪಾದರಸ ಇರುವ ಗಾಜಿನ ವಸ್ತುವನ್ನು ಹಾಗೆ ಕಳುಹಿಸಿದ್ದು ಕ್ಷಮಿಸುವಂಥ ಅಜಾಗರೂಕತೆಯಲ್ಲ. ಸಾಧ್ಯವಾದರೆ ಊರಿನ ವೈಜ್ಞಾನಿಕ ಸಲಕರಣೆಗಳ ಅಂಗಡಿಗೆ ಹೋಗಿ, ಎರಡೂ ಕಡೆ ಒಂದೇ ಅಂಕಿ ಇದೆಯೇ ಎಂದು ಕಣ್ಣಾರೆ ನೋಡಿ, ಮನೆಯವರೆಗೂ ನೆಟ್ಟಗೆ ಹಿಡಿದು ತರುವುದೇ ಒಳ್ಳೆಯದು.

ಇನ್ನು ತೂಗುಹಾಕುವ ಜಾಗದ ವಿಷಯ. ಮೊದಲ ವಾರ ನಾನು ಅದನ್ನು ಮನೆಯ ಹಿಂಬದಿಯ ಕಲ್ಲುಗೋಡೆಗೆ ಮೊಳೆ ಹೊಡೆದು ತೂಗಿಸಿದ್ದೆ. ನೆರಳಿತ್ತು, ಮಳೆ ತಾಗುವಂತಿರಲಿಲ್ಲ, ಇಷ್ಟು ಸಾಕೆಂದುಕೊಂಡೆ. ಮಾರ್ಚ್ ಕೊನೆಯಲ್ಲೇ ಅದು 44 ತೋರಿಸತೊಡಗಿತು. ಗೋಡೆಗೆ ಅಂಗೈ ಇಟ್ಟಾಗ ಕಾರಣ ತಿಳಿಯಿತು: ಇಡೀ ದಿನ ಆಚೆಬದಿಯಿಂದ ಬಿಸಿಲು ಕುಡಿದ ಕಲ್ಲು ಸಂಜೆ ಏಳಕ್ಕೂ ಕಾವು ಉಗುಳುತ್ತಿತ್ತು. ನಾನು ಅಳೆಯುತ್ತಿದ್ದದ್ದು ಗಾಳಿಯ ಉಷ್ಣತೆಯನ್ನಲ್ಲ, ನಮ್ಮ ಗೋಡೆಯ ಉಷ್ಣತೆಯನ್ನು. ಹವಾಮಾನ ಇಲಾಖೆಯ ಅಂಕಿಗಳೆಲ್ಲ ಸ್ಟೀವನ್‌ಸನ್ ಪೆಟ್ಟಿಗೆಯೊಳಗಿನ ಗಾಳಿಯ ಅಂಕಿಗಳು. ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ರೂಪಿಸಿದ ಆ ಪೆಟ್ಟಿಗೆಗೆ ಎಲ್ಲ ಬದಿಗೂ ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳಿರುತ್ತವೆ. ಗಾಳಿ ಆಡುತ್ತದೆ, ಬಿಸಿಲು ಒಳಗೆ ಬರುವುದಿಲ್ಲ. ನಮ್ಮೂರಿನ ಬಡಗಿಗೆ ಚಿತ್ರ ಬರೆದು ತೋರಿಸಿದಾಗ ಅವರು ಹಳೆಯ ಕಿಟಕಿಯ ಪಟ್ಟಿಗಳನ್ನೇ ಕೊಯ್ದು ಎರಡು ದಿನದಲ್ಲಿ ಒಂದನ್ನು ಮಾಡಿಕೊಟ್ಟರು. ಅದಕ್ಕೆ ಬಿಳಿ ಬಣ್ಣ ಬಳಿದು, ಉಷ್ಣಮಾಪಕ ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಇರುವಂತೆ ಕಾಲುಗಳ ಮೇಲೆ ನಿಲ್ಲಿಸಿ, ಬಾಗಿಲು ತೆರೆದಾಗ ಬಿಸಿಲು ಬೀಳದಂತೆ ಅದನ್ನು ಉತ್ತರಕ್ಕೆ ಮುಖ ಮಾಡಿದೆ. ಪೆಟ್ಟಿಗೆಯ ಖರ್ಚು ಉಪಕರಣದ ಖರ್ಚಿಗಿಂತ ಮೂರು ಪಟ್ಟಾಯಿತು. ಆದರೆ ಅದೇ ದಿನ ಗೋಡೆಯ ಮೇಲೆ 44 ಇದ್ದದ್ದು ಪೆಟ್ಟಿಗೆಯಲ್ಲಿ 40 ಆಯಿತು, ಹೋಬಳಿ ಕೇಂದ್ರದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ನಿಲ್ಲಿಸಿರುವ ಯಂತ್ರದ ಅಂಕಿಗೆ ಬಹಳ ಸಮೀಪ ಬಂತು. ಈ ಪೆಟ್ಟಿಗೆ ಇಲ್ಲದೆ ಉಪಕರಣಕ್ಕೆ ನಾನು ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಪೆಟ್ಟಿಗೆ ಇದ್ದರೆ ನಾಲ್ಕು.

ಈಗ ಓದುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಉಪಕರಣದ ಅತಿ ದೊಡ್ಡ ಅಪಾಯ ಇಲ್ಲಿದೆ. ಕಡ್ಡಿಗೆ ಎರಡು ತುದಿಗಳಿವೆ. ಪಾದರಸ ಮುಟ್ಟಿದ್ದು ಕೆಳಗಿನ ತುದಿಯನ್ನು, ಆದ್ದರಿಂದ ಓದಬೇಕಾದದ್ದು ಕೆಳಗಿನ ತುದಿಯನ್ನು. ಆದರೆ ಕಣ್ಣು ಸಹಜವಾಗಿ ಮೇಲಿನ ತುದಿಗೆ ಹೋಗುತ್ತದೆ. ನನ್ನ ಉಪಕರಣದಲ್ಲಿ ಕಡ್ಡಿಯ ಉದ್ದ ಅಳತೆಪಟ್ಟಿಯ ಮೇಲೆ ಸುಮಾರು 6 ಡಿಗ್ರಿಯಷ್ಟಿದೆ. ಕಳೆದ ಏಪ್ರಿಲ್‌ನಲ್ಲಿ ಎರಡು ದಿನ ನಾನು ಊರಲ್ಲಿರಲಿಲ್ಲ. ಪಕ್ಕದ ಮನೆಯ, ಒಂಬತ್ತನೆಯ ತರಗತಿಯ ಹುಡುಗಿಗೆ ಓದಿ ಬರೆಯಲು ಹೇಳಿ ಹೋಗಿದ್ದೆ. ತಿರುಗಿ ಬಂದಾಗ ಪುಸ್ತಕದಲ್ಲಿ ದುಂಡಗಿನ ಅಕ್ಷರಗಳಲ್ಲಿ ಗರಿಷ್ಠ 47, ಕನಿಷ್ಠ 20 ಎಂದಿತ್ತು. ಊರಿನವರಿಗೆಲ್ಲ ಸುದ್ದಿ ಮುಟ್ಟಿತ್ತು, ಎದುರುಮನೆಯ ಹಿರಿಯರು ಕಟ್ಟೆಯ ಮೇಲಿಂದಲೇ, “ಸರ, ನಲವತ್ತೇಳು ಹೋಗಿತ್ತಂತಲ್ರಿ, ಖರೇ ಏನ್ರಿ?” ಎಂದು ಕೇಳಿದರು. ಹುಡುಗಿಯನ್ನು ಕರೆದು, ಎಲ್ಲಿ ನೋಡಿ ಬರೆದೆಯಮ್ಮಾ ಎಂದಾಗ ಅವಳು ಪೆನ್ನಿನ ಮೊನೆಯನ್ನು ಗಾಜಿಗೆ ತಾಗಿಸಿ ತೋರಿಸಿದ್ದು ಕಡ್ಡಿಯ ಮೇಲ್ತುದಿಯನ್ನು. ಎಡಗಡೆಯ ಅಳತೆಪಟ್ಟಿ ತಲೆಕೆಳಗಾಗಿದ್ದು ಅಂಕಿಗಳು ಮೇಲಕ್ಕೆ ಹೋದಂತೆ ಕಡಿಮೆಯಾಗುತ್ತವೆ. ಹಾಗಾಗಿ ಅದೇ ತಪ್ಪು ಗರಿಷ್ಠಕ್ಕೆ ಆರು ಡಿಗ್ರಿ ಕೂಡಿಸಿ, ಕನಿಷ್ಠದಿಂದ ಆರು ಡಿಗ್ರಿ ಕಳೆದಿತ್ತು. ನಿಜವಾದ ಅಂಕಿಗಳು 41 ಮತ್ತು 26. ತಪ್ಪು ಅವಳದಲ್ಲ, ತೋರಿಸಿಕೊಡದೆ ಹೋದ ನನ್ನದು. ತಯಾರಕರು ಕೊಟ್ಟ ಕಾಗದದಲ್ಲೂ ಈ ಮಾತು ಒಂದು ಸಾಲಿನಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣ ಅಕ್ಷರದಲ್ಲಿದೆ. ಅದು ದಪ್ಪಕ್ಷರದಲ್ಲಿ, ಬಾಣದ ಗುರುತಿನೊಂದಿಗೆ ಉಪಕರಣದ ಮೇಲೆಯೇ ಅಚ್ಚಾಗಿರಬೇಕಿತ್ತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇದೇ ಬಗೆಯ ಉಪಕರಣ, ಬಹುಮಟ್ಟಿಗೆ ಇದೇ ತಪ್ಪು, ತೊಂಬತ್ತು ವರ್ಷ ಕಾಲ ಜಗತ್ತಿನ ಭೂಗೋಳ ಪುಸ್ತಕಗಳಲ್ಲಿ ಕುಳಿತಿತ್ತು. ಆಗ ಇಟಲಿಯ ವಶದಲ್ಲಿದ್ದ ಲಿಬಿಯಾದ ಅಲ್ ಅಜೀಜಿಯಾ ಎಂಬಲ್ಲಿ 1922ರ ಸೆಪ್ಟೆಂಬರ್ 13ರಂದು 58.0 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಭೂಮಿಯ ಮೇಲಿನ ಅತ್ಯಧಿಕ ಉಷ್ಣತೆ ಎಲ್ಲಿ ಎಂದು ಕೇಳಿದರೆ ನಾವು ಶಾಲೆಯಲ್ಲಿ ಬಾಯಿಪಾಠ ಒಪ್ಪಿಸುತ್ತಿದ್ದದ್ದು ಆ ಊರಿನ ಹೆಸರನ್ನೇ. ಜಾಗತಿಕ ಹವಾಮಾನ ಸಂಸ್ಥೆಯ ತಜ್ಞರ ತಂಡವೊಂದು ಹಳೆಯ ದಾಖಲೆ ಹಾಳೆಗಳನ್ನು ಹುಡುಕಿ ತೆಗೆದು ಪರಿಶೀಲಿಸಿತು. ಆ ತಂಡದಲ್ಲಿದ್ದ ಲಿಬಿಯಾದ ಹವಾಮಾನ ತಜ್ಞ ಖಾಲಿದ್ ಅಲ್ ಫಾದಲಿ 2011ರ ಅಲ್ಲಿನ ಕ್ರಾಂತಿಯ ದಿನಗಳಲ್ಲಿ ತಿಂಗಳುಗಟ್ಟಲೆ ಸಂಪರ್ಕಕ್ಕೇ ಸಿಗದೆ ಕೆಲಸ ನಿಂತುಹೋಗಿತ್ತು. ಕೊನೆಗೆ ತಿಳಿದದ್ದು ಇಷ್ಟು: ಅಲ್ಲಿ ಬಳಸಿದ್ದು ಬೆಲ್ಲಾನಿ–ಸಿಕ್ಸ್ ಮಾದರಿಯ ಉಷ್ಣಮಾಪಕ, ಓದಿದವರು ಆ ಕೆಲಸಕ್ಕೆ ಹೊಸಬರೆಂದು ತೋರುತ್ತದೆ, ಕಡ್ಡಿಯ ತಪ್ಪು ತುದಿಯನ್ನು ಓದಿದರೆ ಸುಮಾರು 7 ಡಿಗ್ರಿ ಹೆಚ್ಚು ಬರುತ್ತಿತ್ತು, ಉಪಕರಣವಿದ್ದ ನೆಲ ಮರುಭೂಮಿಯ ಸಹಜ ನೆಲದಂತಿರಲಿಲ್ಲ, ಸುತ್ತಲಿನ ಊರುಗಳ ಅಂಕಿಗಳೊಂದಿಗಾಗಲಿ, ಅದೇ ಊರಿನ ಮುಂದಿನ ವರ್ಷಗಳ ಅಂಕಿಗಳೊಂದಿಗಾಗಲಿ 58 ಎಂಬುದು ಹೊಂದುತ್ತಿರಲಿಲ್ಲ. 2012ರ ಸೆಪ್ಟೆಂಬರ್ 13ರಂದು, ಸರಿಯಾಗಿ ತೊಂಬತ್ತು ವರ್ಷಕ್ಕೆ, ಆ ದಾಖಲೆಯನ್ನು ರದ್ದು ಮಾಡಲಾಯಿತು. ಅಂದಿನಿಂದ ಅಮೆರಿಕದ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಮೊದಲ ಸ್ಥಾನದಲ್ಲಿದೆ. ಅದನ್ನೂ ಅನುಮಾನದಿಂದ ನೋಡುವ ತಜ್ಞರಿದ್ದಾರೆ. ನಮ್ಮ ಪುಸ್ತಕದಲ್ಲಿ 47 ಎಂಬ ಅಂಕಿಯನ್ನು ನಾನು ಅಳಿಸಲಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 41 ಎಂದು ಆ ಹುಡುಗಿಯಿಂದಲೇ ಬರೆಸಿ, ಕಾರಣವನ್ನೂ ಬರೆಸಿದ್ದೇನೆ. ಅಲ್ ಅಜೀಜಿಯಾದ ತಪ್ಪು ಪತ್ತೆಯಾದದ್ದು ಮೂಲ ಹಾಳೆ ಉಳಿದಿದ್ದರಿಂದಲೇ.

ದಿನಾಂಕದ ತೊಡಕೂ ಒಂದಿದೆ. ಹವಾಮಾನ ಇಲಾಖೆಯ ಪದ್ಧತಿಯಂತೆ ನಾನು ಬೆಳಿಗ್ಗೆ ಎಂಟೂವರೆಗೆ ಓದುತ್ತೇನೆ. ಆಗ ಕಾಣುವ ಕನಿಷ್ಠ ಇಂದಿನ ಮುಂಜಾವಿನದು, ಗರಿಷ್ಠ ನಿನ್ನೆಯ ಮಧ್ಯಾಹ್ನದ್ದು. ಎರಡನ್ನೂ ಒಂದೇ ದಿನಾಂಕದ ಮುಂದೆ ಬರೆದರೆ ಇಡೀ ತಿಂಗಳ ಲೆಕ್ಕ ಒಂದು ದಿನ ಜಾರುತ್ತದೆ.

ನಿಖರತೆಯ ಬಗ್ಗೆ: ಅಳತೆಪಟ್ಟಿಯಲ್ಲಿ ಒಂದೊಂದು ಡಿಗ್ರಿಗೆ ಒಂದು ಗೆರೆ. ಅರ್ಧ ಡಿಗ್ರಿಯನ್ನು ಕಣ್ಣಂದಾಜಿನಲ್ಲಿ ಹೇಳಬಹುದು, ಅದಕ್ಕಿಂತ ಸೂಕ್ಷ್ಮವಾಗಿ ಹೇಳಿದರೆ ಅದು ನಮ್ಮ ಕಲ್ಪನೆ. ಶಾಲೆಯ ಪ್ರಯೋಗಶಾಲೆಯ ಉಷ್ಣಮಾಪಕವನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ಖಚಿತಪಡಿಸಿಕೊಂಡು, ಹತ್ತು ದಿನ ಇದರ ಪಕ್ಕದಲ್ಲೇ ತೂಗಿಸಿದ್ದೆ. ಇದು ಸದಾ ಒಂದು ಡಿಗ್ರಿ ಹೆಚ್ಚು ತೋರಿಸುತ್ತದೆಂದು ತಿಳಿದುಬಂತು. ತಪ್ಪು ಸ್ಥಿರವಾಗಿದ್ದರೆ ಅದು ದೋಷವೇನಲ್ಲ, ಕಳೆದು ಬರೆದರಾಯಿತು. ದುಬಾರಿ ಎಲೆಕ್ಟ್ರಾನಿಕ್ ಯಂತ್ರಗಳೂ ಈ ಪರೀಕ್ಷೆಯಿಂದ ಹೊರತಲ್ಲ. 2024ರ ಮೇ 29ರಂದು ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿ ದೇಶವೇ ಬೆಚ್ಚಿಬಿದ್ದಿತ್ತು. ಇಲಾಖೆ ಮಾನಕ ಉಪಕರಣವನ್ನು ಅಲ್ಲಿಟ್ಟು ಹೋಲಿಸಿದಾಗ ಆ ಸಂವೇದಕ ಸುಮಾರು 3 ಡಿಗ್ರಿ ಹೆಚ್ಚು ಹೇಳುತ್ತಿತ್ತೆಂದು ಗೊತ್ತಾಯಿತು. ಹಾಗಾಗಿ ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು ದಾಖಲಾದ 51.0 ಡಿಗ್ರಿಯೇ ದೇಶದ ಗರಿಷ್ಠವಾಗಿ ಉಳಿಯಿತು.

ಫಲೋದಿಯ ಹೆಸರು ಬಂದಾಗ ಈ ಉಪಕರಣದ ಒಂದು ಕೊರತೆಯನ್ನು ಹೇಳಲೇಬೇಕು. ಇದರ ಅಳತೆಪಟ್ಟಿ ಸೊನ್ನೆಗಿಂತ ಕೆಳಗೆ 40ರಿಂದ ಆರಂಭವಾಗಿ ಮೇಲೆ 50ಕ್ಕೆ ನಿಂತುಬಿಡುತ್ತದೆ. ಕರ್ನಾಟಕದ ಅತಿ ಕಡಿಮೆ ಉಷ್ಣತೆಯೆಂದು ಹೇಳುವ 2.8 ಡಿಗ್ರಿ ಬೀದರಿನದು, 1918ರ ಡಿಸೆಂಬರ್ 16ರದು. ನಮ್ಮ ಬಯಲುಸೀಮೆಯಲ್ಲಿ ಸೊನ್ನೆಯ ಕೆಳಗಿನ ನಲವತ್ತು ಗೆರೆಗಳು ಯಾವ ಕಾಲಕ್ಕೂ ಉಪಯೋಗಕ್ಕೆ ಬರುವಂಥವಲ್ಲ. ಬದಲಿಗೆ ಮೇಲ್ಭಾಗದಲ್ಲಿ ಹತ್ತು ಗೆರೆ ಹೆಚ್ಚು ಕೊಟ್ಟು, ಗೆರೆಗಳ ನಡುವಿನ ಅಂತರವನ್ನು ಹಿಗ್ಗಿಸಿದ್ದರೆ ಓದುವುದೂ ಸುಲಭವಾಗುತ್ತಿತ್ತು. ರಾಜ್ಯದ ಗರಿಷ್ಠ ದಾಖಲೆ ನಮ್ಮ ರಾಯಚೂರಿನದೇ: 1928ರ ಮೇ 23ರಂದು 45.6 ಡಿಗ್ರಿ. ಪೆಟ್ಟಿಗೆಯೊಳಗಿನ ಗಾಳಿಗೆ 50 ಸದ್ಯಕ್ಕೆ ಸಾಕು. ತಗಡಿನ ಸೂರಿನ ಕೆಳಗೆ ಸಾಲದು; ದನದ ಕೊಟ್ಟಿಗೆಯಲ್ಲಿ ಒಂದು ಮಧ್ಯಾಹ್ನ ತೂಗಿಸಿದಾಗ ಕಡ್ಡಿ ಅಳತೆಪಟ್ಟಿಯ ಕೊನೆಯ ಗೆರೆಗೆ ಹೋಗಿ ನಿಂತಿತ್ತು.

ನಾನು ನಿರೀಕ್ಷಿಸದೆ ಇದ್ದ ಲಾಭ ಎಡಗಡೆಯ ಕಡ್ಡಿಯಿಂದ ಬಂತು. ಕೊಂಡಾಗ ಗಮನವೆಲ್ಲ ಗರಿಷ್ಠದ ಮೇಲಿತ್ತು. ಆದರೆ ಮೇ ಎರಡನೆಯ ವಾರದಲ್ಲಿ, ಹಗಲಿನ ಅಂಕಿ 42ರ ಆಸುಪಾಸಿನಲ್ಲೇ ನಿಂತಿದ್ದರೂ ಊರಿನವರು ಹೆಚ್ಚು ಬಳಲಿದ ದಿನಗಳು ಯಾವುವೆಂದು ಪುಸ್ತಕ ತಿರುವಿ ನೋಡಿದಾಗ, ಅವು ಕನಿಷ್ಠ 29ಕ್ಕಿಂತ ಕೆಳಗೆ ಇಳಿಯದ ರಾತ್ರಿಗಳ ಮರುದಿನಗಳಾಗಿದ್ದವು. ಮಾಳಿಗೆಯ ಮೇಲೆ ಮಲಗಿದರೂ ಮೈ ತಣಿಯದ, ನಸುಕಿನವರೆಗೂ ಕೂಸುಗಳು ಅಳುವ ರಾತ್ರಿಗಳವು. ಹಗಲು 40 ಡಿಗ್ರಿ ಮುಟ್ಟಿ, ರಾತ್ರಿಯ ಕನಿಷ್ಠವೂ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಮೇಲಿದ್ದರೆ ಇಲಾಖೆ ‘ಬಿಸಿ ರಾತ್ರಿ’ ಎಂದು ಪ್ರತ್ಯೇಕವಾಗಿ ಎಚ್ಚರಿಸುವುದು ಇದೇ ಕಾರಣಕ್ಕೆ. 2018ರ ಜೂನ್ 26ರಂದು ಒಮಾನಿನ ಕುರಿಯಾತ್ ಊರಿನಲ್ಲಿ ಇಡೀ ದಿನದ ಕನಿಷ್ಠವೇ 42.6 ಡಿಗ್ರಿ ಇತ್ತೆಂದು ವರದಿಯಾಗಿತ್ತು. ನಮ್ಮ ಹಗಲಿನ ತುದಿ ಅವರ ರಾತ್ರಿಯ ತಳವಾಗಿತ್ತು. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗುತ್ತದೆ, ಅದು ಹಗಲಿಗೆ ಪರಿಹಾರ. ನಿದ್ದೆಗೆಟ್ಟು ಗದ್ದೆಗೆ, ಇಟ್ಟಿಗೆ ಭಟ್ಟಿಗೆ ಹೋಗುವವರಿಗೆ ಪರಿಹಾರವಿಲ್ಲ. ಈಗ ಬೆಳಿಗ್ಗೆ ಕನಿಷ್ಠ 29 ದಾಟಿದ್ದು ಕಂಡರೆ, ಅಂದು ವಯಸ್ಸಾದವರನ್ನು ಬಿಸಿಲಿಗೆ ಬಿಡಬೇಡಿ ಎಂದು ಅಕ್ಕಪಕ್ಕದ ಮನೆಗಳಿಗೆ ಹೇಳಿ ಬರುತ್ತೇನೆ. 850 ರೂಪಾಯಿಯ ಉಪಕರಣದಿಂದ ಇದಕ್ಕಿಂತ ದೊಡ್ಡ ಪ್ರಯೋಜನವನ್ನು ನಾನು ಬಯಸುವುದಿಲ್ಲ.

ಪಾದರಸದ ಬಗ್ಗೆ ಎಚ್ಚರಿಕೆಯ ಮಾತು ಅಗತ್ಯ. ಗಾಜು ಒಡೆದರೆ ಪೊರಕೆಯಿಂದ ಗುಡಿಸಬಾರದು, ಹನಿಗಳು ಇನ್ನಷ್ಟು ಚೂರಾಗಿ ಹರಡುತ್ತವೆ. ಕಿಟಕಿ ಬಾಗಿಲು ತೆರೆದು, ಮಕ್ಕಳನ್ನು ಹೊರಗೆ ಕಳುಹಿಸಿ, ಗಟ್ಟಿ ಕಾಗದದಿಂದ ಹನಿಗಳನ್ನು ಕೂಡಿಸಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಬೇಕು, ಬರಿಗೈಯಿಂದ ಮುಟ್ಟಬಾರದು. ಪಾದರಸದ ಬಳಕೆಯನ್ನು ಕಡಿಮೆ ಮಾಡುವ ಮಿನಮಾಟಾ ಒಪ್ಪಂದವನ್ನು ಭಾರತವೂ 2018ರಲ್ಲಿ ಅನುಮೋದಿಸಿದೆ, ಪಾದರಸವಿಲ್ಲದ ಮಾದರಿಗಳು ಈಗ ಸಿಗುತ್ತಿವೆ. ಹೊಸದಾಗಿ ಕೊಳ್ಳುವವರು, ಅದರಲ್ಲೂ ಶಾಲೆಗಳು, ಅದನ್ನೇ ಕೊಳ್ಳಲಿ ಎಂಬುದು ನನ್ನ ಸಲಹೆ.

ಅಂಕಿ ತೋರುವ ಡಿಜಿಟಲ್ ಮಾದರಿಯನ್ನೂ ಒಂದು ತಿಂಗಳು ಎರವಲು ತಂದು ನೋಡಿದೆ. ಓದುವಾಗ ತಪ್ಪಾಗುವ ಭಯವಿಲ್ಲ, ನಿಜ. ಆದರೆ ಅದು ತೋರುವ ದಶಮಾಂಶವನ್ನು ನಂಬಲು ಆಧಾರ ಕಾಣಲಿಲ್ಲ. ಬ್ಯಾಟರಿ ತೆಗೆದು ಹಾಕಿದೊಡನೆ ಹಿಂದಿನ ಗರಿಷ್ಠವೂ ಅಳಿಸಿಹೋಗಿತ್ತು.

ಕೊಟ್ಟಿಗೆಗೆಂದು 60 ಡಿಗ್ರಿಯವರೆಗೆ ಗೆರೆ ಇರುವ, ಪಾದರಸವಿಲ್ಲದ ಇನ್ನೊಂದನ್ನು ಈ ಫೆಬ್ರವರಿಯಲ್ಲಿ ರಾಯಚೂರಿನ ಅಂಗಡಿಯಿಂದಲೇ ತಂದಿದ್ದೇನೆ, ಬಸ್ಸಿನಲ್ಲಿ ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡು. ತಗಡಿನ ಮೇಲೆ ಜೋಳದ ಸೊಪ್ಪೆ ಹೊದಿಸಿದರೆ ಎಮ್ಮೆಗಳಿಗೆ ಎಷ್ಟು ಡಿಗ್ರಿಯ ಸಮಾಧಾನ ಸಿಗುತ್ತದೆಂದು ಅಳೆಯುವ ಕೆಲಸವನ್ನು ಆ ಹುಡುಗಿ ವಹಿಸಿಕೊಂಡಿದ್ದಾಳೆ. ಹೊಸ ಉಪಕರಣದ ಚೌಕಟ್ಟಿನ ಮೇಲೆ ಅವಳು ಕೆಂಪು ಬಣ್ಣದಲ್ಲಿ ಮೊದಲು ಬರೆದದ್ದು ಒಂದು ಬಾಣದ ಗುರುತು, ಅದರ ಪಕ್ಕದಲ್ಲಿ ‘ಕೆಳತುದಿ’ ಎಂಬ ಪದ.